ಹಳೇ ಬಸ್ಸಿಗೆ ಹಾರ ಹಾಕ್ತೀವಿ, ಓಡೋ ಬಸ್ಸಿಗೆ ದುಡ್ಡು ಯಾರು ಕೊಡ್ತಾರೆ?

2023ರ ಸೆಪ್ಟೆಂಬರ್ 15. ಮುಂಬೈನ ಡೀಸೆಲ್ ಡಬಲ್ ಡೆಕರ್ ಬಸ್ಸು ಕೊನೆಯ ಸಲ ರಸ್ತೆಗಿಳಿದ ದಿನ. ಜನ ಬಸ್ಸನ್ನು ಅಲಂಕರಿಸಿದರು, ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. 1937ರಲ್ಲಿ ಶುರುವಾದ ಎರಡಂತಸ್ತಿನ ಬಸ್ಸು ಮೂರು ತಲೆಮಾರುಗಳನ್ನು ಹೊತ್ತು ತಿರುಗಿತ್ತು. ಹಾಗಾಗಿ ಆ ಭಾವುಕತೆ ಸುಳ್ಳಲ್ಲ. ಕೆಲವು ಬಸ್ಸುಗಳನ್ನಾದರೂ ಮ್ಯೂಸಿಯಂನಲ್ಲಿ ಉಳಿಸಿ ಅಂತ ಬಸ್ ಪ್ರೇಮಿಗಳು ಕೇಳಿಕೊಂಡರು.

ಯಾವ ಮ್ಯೂಸಿಯಂ? ಅಂಥದ್ದೊಂದು ಇದೆ ಅನ್ನೋದು ಎಷ್ಟೋ ಮುಂಬೈಕರರಿಗೇ ಗೊತ್ತಿಲ್ಲ. ಸಯನ್ ಕಡೆಯ ಆಣಿಕ್ ಡಿಪೊದೊಳಗೆ, ದಿನವೂ ಬಸ್ಸುಗಳು ಹೋಗಿ ಬರುವ ಜಾಗದಲ್ಲೇ, ‘ಬೆಸ್ಟ್’ ಸಂಸ್ಥೆಯ ಮ್ಯೂಸಿಯಂ ಇದೆ. ಟ್ರಾಂ ಮತ್ತು ಬಸ್ಸುಗಳ ಪುಟ್ಟ ಮಾದರಿಗಳು, ಹಳೇ ಟಿಕೆಟ್‌ಗಳು, ಕಂಡಕ್ಟರ್ ಕೈಯಲ್ಲಿ ಟಿಕ್ ಟಿಕ್ ಅನ್ನುತ್ತಿದ್ದ ಟಿಕೆಟ್ ಪಂಚ್, ಜೊತೆಗೆ ಹಳೇ ಕರೆಂಟ್ ಮೀಟರ್‌ಗಳು. ಬಸ್ಸಿನ ಮ್ಯೂಸಿಯಂನಲ್ಲಿ ಮೀಟರ್‌ಗೇನು ಕೆಲಸ ಅಂತ ಯಾರಿಗಾದರೂ ಅನಿಸಬೇಕು. ನೋಡಲೇಬೇಕಾದ ಕಥೆ ಇರೋದು ಅಲ್ಲೇ.

ಕುದುರೆಯಿಂದ ಕರೆಂಟಿಗೆ

ಮುಂಬೈನಲ್ಲಿ ಮೊದಲ ಟ್ರಾಂ ಓಡಿದ್ದು 1874ರ ಮೇ 9ರಂದು. ಎಳೆದದ್ದು ಕುದುರೆಗಳು. ಕೊಲಾಬಾದಿಂದ ಕ್ರಾಫರ್ಡ್ ಮಾರ್ಕೆಟ್ ಮೇಲಾಗಿ ಪಾಯಧುನಿಗೆ ಒಂದು ಮಾರ್ಗ, ಬೋರಿ ಬಂದರಿನಿಂದ ಪಾಯಧುನಿಗೆ ಇನ್ನೊಂದು. ಮೂರು ದಶಕ ಹೀಗೇ ನಡೆಯಿತು.

ಆಮೇಲೆ ಕುದುರೆಯ ಜಾಗಕ್ಕೆ ವಿದ್ಯುತ್ ತರುವ ಯೋಚನೆ ಬಂತು. ಟ್ರಾಂಗೆ ಕರೆಂಟು ಬೇಕು ಅಂದಮೇಲೆ ಅದನ್ನು ಊರಿಗೂ ಮಾರಬಹುದಲ್ಲ? 1905ರಲ್ಲಿ ಹುಟ್ಟಿದ ‘ಬಾಂಬೆ ಎಲೆಕ್ಟ್ರಿಕ್ ಸಪ್ಲೈ ಅಂಡ್ ಟ್ರಾಂವೇಸ್’ ಕಂಪನಿಯ ಹೆಸರಲ್ಲೇ ಎರಡೂ ಕೆಲಸ ಇವೆ. 1907ರ ಮೇ 7ರಂದು ವಿದ್ಯುತ್ ಟ್ರಾಂ ಓಡಿತು. 1926ರ ಜುಲೈ 15ರಂದು ಅಫ್ಘಾನ್ ಚರ್ಚಿನಿಂದ ಕ್ರಾಫರ್ಡ್ ಮಾರ್ಕೆಟ್‌ಗೆ ಮೊದಲ ಬಸ್ಸು ಬಂತು. ಸ್ವಾತಂತ್ರ್ಯಕ್ಕೆ ಎಂಟು ದಿನ ಮುಂಚೆ, 1947ರ ಆಗಸ್ಟ್ 7ರಂದು, ಇಡೀ ಕಂಪನಿ ಮಹಾನಗರ ಪಾಲಿಕೆಯ ಕೈಗೆ ಬಂದು ‘ಬೆಸ್ಟ್’ ಆಯಿತು.

ಒಂದೇ ಸಂಸ್ಥೆ ಬಸ್ಸೂ ಓಡಿಸುತ್ತೆ, ದೀಪವೂ ಉರಿಸುತ್ತೆ. ಈ ಜೋಡಣೆಯ ಲಾಭ ಸರಳ. ಬಸ್ಸಿನಲ್ಲಿ ಆದ ನಷ್ಟವನ್ನು ಕರೆಂಟಿನ ಆದಾಯ ತುಂಬಿಕೊಡುತ್ತಿತ್ತು. ಏರ್ ಕಂಡೀಷನರ್ ಹಾಕಿಕೊಂಡ ಫ್ಲಾಟಿನವರ ಬಿಲ್ಲಿನ ಒಂದು ಪಾಲು ಗಿರಣಿ ಕಾರ್ಮಿಕರ ಟಿಕೆಟ್ಟನ್ನು ಅಗ್ಗವಾಗಿ ಇಡುತ್ತಿತ್ತು. ಉಡುಪಿ, ಮಂಗಳೂರು ಕಡೆಯಿಂದ ಹೋಟೆಲ್ ಕೆಲಸಕ್ಕೆ ಹೋಗಿ ರಾತ್ರಿಶಾಲೆಯಲ್ಲಿ ಓದಿದ ನಮ್ಮವರೂ ಈ ಬಸ್ಸುಗಳಲ್ಲೇ ಓಡಾಡಿದವರು.

ಲೆಕ್ಕ ಬದಲಾದಾಗ

2003ರ ವಿದ್ಯುತ್ ಕಾಯ್ದೆಯ ನಂತರ ಈ ಲೆಕ್ಕವೇ ಪ್ರಶ್ನೆಗೆ ಒಳಗಾಯಿತು. ಬಸ್ಸಿನ ನಷ್ಟವನ್ನು ಕರೆಂಟ್ ಗ್ರಾಹಕರು ಯಾಕೆ ಹೊರಬೇಕು ಅನ್ನುವ ವಾದಕ್ಕೆ ಬಲ ಬಂತು, ಕೊನೆಗೆ ಆ ಆಸರೆ ನಿಂತಿತು. ಗ್ರಾಹಕರ ವಾದದಲ್ಲಿ ಹುರುಳಿಲ್ಲ ಅಂತ ಹೇಳಲಾಗದು. ಆದರೆ ಆ ದುಡ್ಡಿನ ಬದಲು ಯಾವ ದುಡ್ಡು ಬರುತ್ತೆ ಅನ್ನೋದಕ್ಕೆ ಭದ್ರವಾದ ಉತ್ತರ ಸಿಗಲಿಲ್ಲ.

ಆಮೇಲೆ ಆದದ್ದು ನಿಧಾನದ ಸೊರಗುವಿಕೆ. ಹಳೇ ಬಸ್ಸುಗಳು ಗುಜರಿಗೆ ಹೋದವು, ಅಷ್ಟೇ ಸಂಖ್ಯೆಯ ಹೊಸ ಬಸ್ಸುಗಳು ಬರಲಿಲ್ಲ. ಸ್ವಂತ ಬಸ್ಸುಗಳ ಸಂಖ್ಯೆಯನ್ನು 3,337ರಲ್ಲಿ ಕಾಯ್ದುಕೊಳ್ಳುವ ಒಪ್ಪಂದ 2019ರಲ್ಲಿ ಕಾರ್ಮಿಕ ಸಂಘಟನೆಯ ಜೊತೆ ಆಗಿತ್ತು. ಇವತ್ತು ಸಂಖ್ಯೆ ಅದಕ್ಕಿಂತ ಎಷ್ಟೋ ಕೆಳಗಿದೆ. ಆ ಜಾಗ ತುಂಬಿದ್ದು ‘ವೆಟ್ ಲೀಸ್’ ಬಸ್ಸುಗಳು. ಅಂದ್ರೆ ಬಸ್ಸೂ ಡ್ರೈವರೂ ಖಾಸಗಿ ಗುತ್ತಿಗೆದಾರರದ್ದು, ಸಂಸ್ಥೆ ಕಿಲೋಮೀಟರ್ ಲೆಕ್ಕದಲ್ಲಿ ದುಡ್ಡು ಕೊಡುತ್ತೆ. ಮೇಲೆ ‘ಬೆಸ್ಟ್’ ಅಂತ ಬರೆದಿರುತ್ತೆ, ಆದರೆ ಡ್ರೈವರ್‌ನ ಸಂಬಳ, ತರಬೇತಿಯ ಹೊಣೆ ಬೇರೆಯವರದು.

ದರದ ಕಥೆಯೂ ಹೀಗೇ. 2019ರಲ್ಲಿ ಕನಿಷ್ಠ ಟಿಕೆಟ್ ದರವನ್ನು 8 ರೂಪಾಯಿಯಿಂದ 5ಕ್ಕೆ ಇಳಿಸಿದರು. ಜನ ಬಸ್ಸಿಗೆ ವಾಪಸ್ ಬರಲಿ ಅನ್ನೋ ಒಳ್ಳೆಯ ಆಸೆ ಅದು. ಆದರೆ ಕೊರತೆ ತುಂಬುವವರು ಯಾರು ಅಂತ ತೀರ್ಮಾನವಾಗದ ಅಗ್ಗ ಎಷ್ಟು ದಿನ ನಡೆದೀತು? 2025ರ ಮೇನಲ್ಲಿ ಅದು 10 ರೂಪಾಯಿ ಆಯಿತು, ಒಂದೇ ಏಟಿಗೆ ಎರಡು ಪಟ್ಟು.

ಟ್ರಾಂ ಹೇಳುವ ಪಾಠ

ಮುಂಬೈನ ಕೊನೆಯ ಟ್ರಾಂ 1964ರ ಮಾರ್ಚ್ 31ರ ರಾತ್ರಿ ಬೋರಿ ಬಂದರಿನಿಂದ ದಾದರ್‌ಗೆ ಓಡಿತು. ಆಗಲೂ ಜನ ಕಿಕ್ಕಿರಿದು ಬೀಳ್ಕೊಟ್ಟರು. ನಿಧಾನ, ರಸ್ತೆಗೆ ಅಡ್ಡ, ನಷ್ಟ ಅನ್ನೋದು ಟ್ರಾಂ ಮೇಲಿದ್ದ ದೂರು. ಕೋಲ್ಕತ್ತಾದಲ್ಲಿ 2024ರಲ್ಲಿ ಕೇಳಿಬಂದದ್ದೂ ಬಹುಪಾಲು ಇದೇ ಮಾತು. ಮೈದಾನದಿಂದ ಎಸ್‌ಪ್ಲನೇಡ್‌ವರೆಗಿನ ಒಂದು ತುಂಡನ್ನು ಪಾರಂಪರಿಕ ಮಾರ್ಗವಾಗಿ ಉಳಿಸಿ ಮಿಕ್ಕದ್ದನ್ನು ನಿಲ್ಲಿಸುತ್ತೇವೆ ಅಂತ ಅಲ್ಲಿನ ಸರ್ಕಾರ ಹೇಳಿತು. ಕೆಲಸಕ್ಕೆ ಹೋಗೋರು ಹತ್ತುವ ಗಾಡಿ ಹಾಗೆ ಪ್ರವಾಸಿಗರು ಹತ್ತುವ ಗಾಡಿಯಾಗುತ್ತೆ.

ಮ್ಯೂಸಿಯಂ ಬೇಡ ಅಂತ ಇದರ ಅರ್ಥ ಅಲ್ಲ. ಬೇಕು, ಇನ್ನೂ ಚೆನ್ನಾಗಿ ಬೇಕು. ಆದರೆ ಅಲ್ಲಿ ನೆನಪಷ್ಟೇ ಅಲ್ಲ, ಲೆಕ್ಕವೂ ಕಾಣಬೇಕು. ಯಾವ ಕಾಲದಲ್ಲಿ ಬಸ್ಸಿನ ಖರ್ಚನ್ನು ಯಾರು ಹೊತ್ತರು, ಯಾವಾಗ ಕೈಬಿಟ್ಟರು ಅನ್ನೋದು ಗೊತ್ತಾಗಬೇಕು. ರಸ್ತೆ, ಫ್ಲೈಓವರ್ ಕಟ್ಟಿದ ದುಡ್ಡನ್ನು ಯಾರೂ ‘ನಷ್ಟ’ ಅನ್ನಲ್ಲ, ಬಸ್ಸಿನ ಖರ್ಚನ್ನು ಮಾತ್ರ ಅಂತಾರೆ. ‘ಶಕ್ತಿ’ ಯೋಜನೆ ಬಂದಾಗಿನಿಂದ ನಮ್ಮಲ್ಲಿ ನಡೀತಿರೋ ಜಗಳವೂ ಇದೇ ಅಲ್ವಾ? ನಿಗಮಕ್ಕೆ ಸಲ್ಲಬೇಕಾದ ದುಡ್ಡು ಹೊತ್ತಿಗೆ ಸರಿಯಾಗಿ ಸಂದರೆ ಅದು ಸೇವೆ, ಸಲ್ಲದಿದ್ದರೆ ಬಸ್ಸೇ ಬಡವಾಗುತ್ತೆ.

ಮುಂಬೈಗೆ ಹೋದವರು ಬಿಡುವು ಮಾಡಿಕೊಂಡು ಆಣಿಕ್ ಡಿಪೊಗೆ ಹೋಗಿ ಬನ್ನಿ. ಬಸ್ಸಿನಲ್ಲೇ ಹೋಗಿ. ಸ್ಟಾಪಿನಲ್ಲಿ ಎಷ್ಟು ಹೊತ್ತು ಕಾದಿರಿ ಅನ್ನೋದನ್ನೂ ಬರೆದಿಟ್ಟುಕೊಳ್ಳಿ. ಒಳಗಿರುವ ಇತಿಹಾಸದ ಮುಂದಿನ ಪುಟ ಅದೇ.