ಪುಸ್ತಕದ ಬದನೆಕಾಯಿಯನ್ನು ಒಲ್ಲದ ಶಾಲೆಗಳು

ದಡದ ಮೇಲೆ ಕುಳಿತು ಈಜು ಕಲಿತವರಿಲ್ಲ. ಆದರೆ ವಿಜ್ಞಾನವನ್ನು ಬೆಂಚಿನ ಮೇಲೆ ಕುಳಿತೇ ಕಲಿತವರು ನಮ್ಮಲ್ಲಿ ಲೆಕ್ಕವಿಲ್ಲದಷ್ಟು ಮಂದಿ. ಬೇರಿನ ಚಿತ್ರವನ್ನು ಅಂದವಾಗಿ ಬರೆದು ಭಾಗಗಳನ್ನು ಗುರುತಿಸಬಲ್ಲ ಬಾಲಕನು ಒಂದು ಗಿಡವನ್ನಾದರೂ ಕಿತ್ತು ನೋಡಿರುವುದಿಲ್ಲ. ಇಂಥ ವಿದ್ಯೆಗೇ ನಮ್ಮ ಹಿರಿಯರು ‘ಪುಸ್ತಕದ ಬದನೆಕಾಯಿ’ ಎಂದು ಹೆಸರಿಟ್ಟರು.

ಈ ಬದನೆಕಾಯಿಯನ್ನು ಬದಿಗಿರಿಸಿದ ಒಂದು ಸಾಹಸ ನರ್ಮದೆಯ ತೀರದಲ್ಲಿ ನಡೆಯಿತು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ—ಇಂದಿನ ಹೆಸರು ನರ್ಮದಾಪುರಂ—16 ಹಳ್ಳಿಶಾಲೆಗಳಲ್ಲಿ 1972ರಲ್ಲಿ ಅದು ಮೊದಲಾಯಿತು. ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಮತ್ತು ‘ಕಿಶೋರ ಭಾರತಿ’ ಎಂಬ ಎರಡು ಸಂಸ್ಥೆಗಳು ಅದಕ್ಕೆ ಕೈಹಾಕಿದವು. ಕಿಶೋರ ಭಾರತಿಯನ್ನು ಕಟ್ಟಿದ ಅನಿಲ್ ಸದ್ಗೋಪಾಲರು ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯನ್ನು ತೊರೆದು ಹಳ್ಳಿಗೆ ಬಂದ ವಿಜ್ಞಾನಿ. ದೆಹಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರೂ ಮುಂದೆ ಈ ಕಾರ್ಯಕ್ಕೆ ಹೆಗಲು ಕೊಟ್ಟರು.

ಆರರಿಂದ ಎಂಟನೆಯ ತರಗತಿಯ ಮಕ್ಕಳಿಗಾಗಿ ‘ಬಾಲ ವೈಜ್ಞಾನಿಕ್’ ಎಂಬ ಪುಸ್ತಕಗಳು ಸಿದ್ಧವಾದವು. ಅವುಗಳಲ್ಲಿ ಪ್ರಶ್ನೆಗಳಿದ್ದವು, ಮಾಡಿ ನೋಡಬೇಕಾದ ಕೆಲಸಗಳಿದ್ದವು. ಉತ್ತರಗಳನ್ನು ಮಾತ್ರ ಮಕ್ಕಳೇ ಕಂಡುಕೊಳ್ಳಬೇಕಾಗಿತ್ತು. ನಾಲ್ಕು ನಾಲ್ಕು ಮಂದಿಯ ಗುಂಪು ಕಟ್ಟಿಕೊಂಡು ಅವರು ಹೊಲಕ್ಕೆ ಹೋಗುವರು. ಎಲೆ, ಬೇರು, ಬೀಜಗಳನ್ನು ತಂದು ಹರಡುವರು. ಗೋಧಿಯ ಎಲೆಯಲ್ಲಿ ನರಗಳು ಸಾಲುಗೆರೆಗಳಂತೆ ಓಡುತ್ತವೆ. ಅದರ ಬೇರೋ ಎಳೆಎಳೆಯಾದ ಗೊಂಚಲು. ಕಡಲೆಯ ಎಲೆಯಲ್ಲಿ ನರಗಳು ಬಲೆ ಹೆಣೆದಿವೆ. ಕೆಳಗೆ ತಾಯಿಬೇರು ನೆಟ್ಟಗೆ ಇಳಿದಿದೆ. ಬೀಜವು ಎರಡು ಬೇಳೆಯಾಗಿ ಒಡೆಯುತ್ತದೆ. ಹತ್ತಾರು ಗಿಡಗಳನ್ನು ಹೀಗೆ ನೋಡಿದ ಮೇಲೆ, ಎಲೆಯನ್ನು ಕಂಡೊಡನೆ ಬೇರು ಎಂಥದೆಂದು ಮಗುವೇ ಹೇಳಬಲ್ಲದು. ಏಕದಳ, ದ್ವಿದಳ ಎಂಬ ಹೆಸರುಗಳು ಬಾರದಿದ್ದರೂ ಅವುಗಳ ಮರ್ಮ ಆಗಲೇ ಕೈಗೆ ಸಿಕ್ಕಿರುತ್ತದೆ.

ಇದಕ್ಕೆಲ್ಲ ಭಾರಿ ಪ್ರಯೋಗಶಾಲೆ ಬೇಕೆಂದು ವಾಚಕರು ಭಾವಿಸಬೇಕಾಗಿಲ್ಲ. ಹೂವನ್ನು ಬಿಡಿಸಿ ನೋಡಲು ಜಾಲಿಯ ಮುಳ್ಳು ಸಾಕು. 1978ರಲ್ಲಿ ಇಲ್ಲಿಗೆ ಬಂದ ಎಂಜಿನಿಯರ್ ಅರವಿಂದ ಗುಪ್ತರು ಬೆಂಕಿಕಡ್ಡಿಗಳನ್ನು ಸೈಕಲ್ಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದ ಜೋಡಿಸಿ ರೇಖಾಗಣಿತವನ್ನೇ ಕಟ್ಟಿ ತೋರಿಸಿದರು. ಹಾಗೆ ಕಟ್ಟಿದ ಚೌಕವನ್ನು ಒತ್ತಿದರೆ ಓರೆಯಾಗಿ ವಾಲುತ್ತದೆ. ತ್ರಿಕೋನ ಮಾತ್ರ ಜಗ್ಗದು. ಸೇತುವೆಯ ಉಕ್ಕಿನ ಚೌಕಟ್ಟಿನಲ್ಲಿ ತ್ರಿಕೋನಗಳೇಕೆ ತುಂಬಿವೆಯೆಂಬುದು ಬೆರಳ ತುದಿಗೇ ತಿಳಿಯುತ್ತದೆ.

ಆದರೆ ನಿಜವಾದ ಕಷ್ಟವಿದ್ದುದು ಬೇರೆಡೆ. ಪರೀಕ್ಷೆ ಹೇಗೋ ಪಾಠವೂ ಹಾಗೆಯೇ. ವರ್ಷವೆಲ್ಲ ಕೈಯಿಂದ ಕಲಿತು, ಕೊನೆಗೆ ಬಾಯಿಪಾಠ ಒಪ್ಪಿಸಬೇಕೆಂದರೆ ಯಾವ ಮಗು ಪ್ರಯೋಗಕ್ಕೆ ಮನಸ್ಸು ಕೊಟ್ಟೀತು? ಹೋಶಂಗಾಬಾದಿನವರು ಆ ಗಂಟನ್ನೂ ಬಿಚ್ಚಿದರು. ಪರೀಕ್ಷೆಗೆ ಪುಸ್ತಕವನ್ನೂ ತಾನೇ ಬರೆದ ಟಿಪ್ಪಣಿಯನ್ನೂ ಒಯ್ಯಬಹುದಾಗಿತ್ತು. ಜೊತೆಗೆ ಪ್ರಯೋಗವೊಂದನ್ನು ಮಾಡಿ ತೋರಿಸಬೇಕಾಗಿತ್ತು. ಉಪಾಧ್ಯಾಯರಿಗೂ ಹೊಸ ಪಾಠವಿತ್ತು: ಮಗು ಕೇಳಿದ್ದಕ್ಕೆ ಉತ್ತರ ಹೊಳೆಯದಿದ್ದರೆ “ಗೊತ್ತಿಲ್ಲ, ನೋಡೋಣ ಬಾ” ಎನ್ನಲು ನಾಚಬಾರದು. ಅಲ್ಲಿಯೂ ಬಗೆಹರಿಯದ ಪ್ರಶ್ನೆಗಳನ್ನು ಮಕ್ಕಳು ‘ಸವಾಲಿರಾಮ’ನೆಂಬ ಕಲ್ಪಿತ ವ್ಯಕ್ತಿಗೆ ಕಾಗದ ಬರೆದು ಕೇಳುತ್ತಿದ್ದರು, ಅವನ ಹೆಸರಿನಲ್ಲಿ ಉತ್ತರಗಳೂ ಬರುತ್ತಿದ್ದವು.

1978ರಲ್ಲಿ ಸರಕಾರವು ಜಿಲ್ಲೆಯ ಎಲ್ಲ ಮಾಧ್ಯಮಿಕ ಶಾಲೆಗಳಿಗೂ ಈ ಕ್ರಮವನ್ನು ವಿಸ್ತರಿಸಿತು. 1982ರಲ್ಲಿ ಹುಟ್ಟಿದ ‘ಏಕಲವ್ಯ’ ಸಂಸ್ಥೆ ಇದರ ಹೊಣೆ ಹೊತ್ತಿತು. ಇತರ ಜಿಲ್ಲೆಗಳಿಗೂ ಅದು ಹಬ್ಬಿತು. ಮೂವತ್ತು ವರ್ಷ ಬಾಳಿದ ಈ ಕಾರ್ಯಕ್ರಮವನ್ನು 2002ರಲ್ಲಿ ಸರಕಾರವೇ ನಿಲ್ಲಿಸಿತು. ರಾಜ್ಯದ ಉಳಿದ ಶಾಲೆಗಳ ಪಠ್ಯವೇ ಇಲ್ಲಿಗೂ ಬಂದಿತು.

ಮುಳ್ಳು, ಬೆಂಕಿಕಡ್ಡಿ, ಎಲೆಗಳಿಗೆ ಹಣದ ಅಭಾವ ಎಂದೂ ಅಡ್ಡಬರಲಾರದು. ಪಾಠವನ್ನೂ ಪರೀಕ್ಷೆಯನ್ನೂ ಒಟ್ಟಿಗೆ ಬದಲಿಸುವ ಧೈರ್ಯ, ಬದಲಿಸಿದುದನ್ನು ಉಳಿಸಿಕೊಳ್ಳುವ ತಾಳ್ಮೆ—ಇವೇ ದುರ್ಲಭವಾದ ಸಾಮಗ್ರಿಗಳು. ಅವು ಒದಗುವವರೆಗೂ ಕಾಯಬೇಕಾಗಿಲ್ಲ. ಶಾಲೆಯ ಬೇಲಿಯಾಚೆ ಬೆಳೆದ ಒಂದು ಗಿಡವನ್ನು ಬೇರುಸಹಿತ ಕಿತ್ತು ಮಕ್ಕಳ ಮುಂದಿಡುವ ಉಪಾಧ್ಯಾಯನಿಗೆ ಯಾವ ಆಜ್ಞೆಯೂ ಅಡ್ಡಿಯಿಲ್ಲ.