ಸಹಿ ಹಾಕಿದ ಪ್ರತಿ

ಮಹಾನಗರದ ನಮ್ಮ ಕನ್ನಡ ಮನೆಗಳಲ್ಲಿ, ಓದು ಮುಗಿಸಿ ನೌಕರಿಗೆ ಸೇರಿರುವ ಮಕ್ಕಳ ಕಪಾಟನ್ನು ಕಂಡ ಹಿರಿಯರು ಕೇಳುವ ಪ್ರಶ್ನೆಯೊಂದುಂಟು: ಒಂದೇ ಪುಸ್ತಕದ ಮೂರು ಪ್ರತಿಗಳು ಏತಕ್ಕೆ? ಮೊದಲನೆಯದು ಓದಿ ಓದಿ ಬೆನ್ನು ಮುರಿದ ಅಗ್ಗದ ಪ್ರತಿ. ಎರಡನೆಯದು ಗಟ್ಟಿ ರಟ್ಟಿನದು. ಅದರ ಶೀರ್ಷಿಕೆಯ ಪುಟದ ಮೇಲೆ, ವೈದ್ಯರ ಔಷಧದ ಚೀಟಿಯನ್ನು ಹೋಲುವ ಅಕ್ಷರಗಳಲ್ಲಿ ಒಂದು ಸಹಿ. ಮೂರನೆಯದು ಚರ್ಮದ ಹೊದಿಕೆ, ಹೊಂಬಣ್ಣದ ಅಂಚು, ಅದಕ್ಕೆಂದೇ ಮಾಡಿಸಿದ ಪೆಟ್ಟಿಗೆ, ಇಷ್ಟೆಲ್ಲ ವೈಭವದಿಂದ ಕುಳಿತಿದ್ದು, ಮನೆಯವರಾರೂ ಅದನ್ನು ಮುಟ್ಟುವಂತಿಲ್ಲ. ಅಕ್ಕಿಯ ಡಬ್ಬಿಗೇ ಸ್ಥಳ ಹುಡುಕಬೇಕಾದ ಎರಡು ಕೋಣೆಗಳ ಮನೆಯಲ್ಲಿ ಈ ಪ್ರಶ್ನೆ ಅನ್ಯಾಯದ್ದೇನೂ ಅಲ್ಲ. ಆದರೆ ಅದಕ್ಕೆ ಉತ್ತರವಿದೆ. ಆ ಉತ್ತರದ ಜಾಡು ಹಿಡಿದು ಹೋದರೆ, ಆರೋಗ್ಯಕ್ಕೆ ಸಂಬಂಧಿಸಿದ, ಪ್ರತಿಯೊಂದು ಮನೆಯವರೂ ತಿಳಿದಿರಬೇಕಾದ ಸಂಗತಿಯೊಂದು ಎದುರಾಗುತ್ತದೆ.

ಅದ್ಭುತಲೋಕಗಳನ್ನು ಕಲ್ಪಿಸಿ ಬರೆಯುವ ಕಾದಂಬರಿಗಳನ್ನು ಇಂಗ್ಲಿಷಿನಲ್ಲಿ ಫ್ಯಾಂಟಸಿ ಎನ್ನುತ್ತಾರೆ. ಯಕ್ಷಗಾನವನ್ನೂ ಚಂದಮಾಮವನ್ನೂ ಕಂಡು ಬೆಳೆದ ನಮಗೆ ರಾಕ್ಷಸರು, ಮಾಂತ್ರಿಕರು ಹೊಸಬರಲ್ಲ. ಇಂಗ್ಲೆಂಡಿನ ಟೆರ್ರಿ ಪ್ರಾಚೆಟ್ ಎಂಬ ಹಾಸ್ಯಲೇಖಕರ ಡಿಸ್ಕ್‌ವರ್ಲ್ಡ್ ಕಾದಂಬರಿಗಳ ಲೋಕವಂತೂ ನಮಗೆ ನೆಂಟಸ್ತಿಕೆಯದೇ. ಅಲ್ಲಿ ಭೂಮಿಯು ತಟ್ಟೆಯಂತೆ ಚಪ್ಪಟೆ. ಅದನ್ನು ನಾಲ್ಕು ಆನೆಗಳು ಹೊತ್ತಿವೆ. ಆನೆಗಳು ಮಹಾಕೂರ್ಮವೊಂದರ ಬೆನ್ನ ಮೇಲೆ ನಿಂತಿವೆ. ಆಮೆಯು ಆಕಾಶದಲ್ಲಿ ಈಜುತ್ತಲೇ ಇದೆ. ನಮ್ಮ ಅಷ್ಟದಿಗ್ಗಜಗಳಲ್ಲಿ ಅರ್ಧವನ್ನು ಕಡಿತಗೊಳಿಸಿದರೆಂಬ ಒಂದು ಆಕ್ಷೇಪವನ್ನಷ್ಟೇ ನಾವು ಎತ್ತಬಹುದು. 1983ರಲ್ಲಿ ಆರಂಭವಾದ ಈ ಮಾಲೆಯಲ್ಲಿ 41 ಕಾದಂಬರಿಗಳಿವೆ. 1990ರ ದಶಕದಲ್ಲಿ ಬ್ರಿಟನ್ನಿನಲ್ಲಿ ಇವರಷ್ಟು ಮಾರಾಟವಾದ ಲೇಖಕರು ಮತ್ತೊಬ್ಬರಿರಲಿಲ್ಲ.

ಲೇಖಕರು ಪುಸ್ತಕಕ್ಕೆ ಸಹಿ ಹಾಕುವ ಸಮಾರಂಭವು ನಮ್ಮ ಸಾಹಿತ್ಯ ಸಮ್ಮೇಳನಗಳಲ್ಲಿ ಭಾಷಣ ಮುಗಿಸಿ ಇಳಿದ ಸಾಹಿತಿಗಳ ಮುಂದೆ ಪುಸ್ತಕ ಹಿಡಿದು ನಿಲ್ಲುವ ಪದ್ಧತಿಯದೇ ವ್ಯವಸ್ಥಿತ ರೂಪ. ಹೊಸ ಪುಸ್ತಕ ಹೊರಬಂದ ವಾರಗಳಲ್ಲಿ ಪ್ರಕಾಶಕರು ಲೇಖಕರನ್ನು ಊರಿಂದೂರಿಗೆ ಕರೆದೊಯ್ಯುತ್ತಾರೆ. ಅಂಗಡಿಯಲ್ಲಿ ಒಂದು ಮೇಜು, ಒಂದು ಕುರ್ಚಿ, ನಾಲ್ಕಾರು ಲೇಖನಿಗಳು. ಹೊರಗೆ ರಸ್ತೆಯ ತಿರುವಿನವರೆಗೆ ಸಾಲು. ಸಾಲಿನಲ್ಲಿ ನಿಂತವರಿಗೆ ಅಂಗಡಿಯವರು ಒಂದು ಚೀಟಿಯನ್ನು ಕೊಟ್ಟು ಹೆಸರನ್ನು ಸ್ಪಷ್ಟವಾಗಿ ಬರೆದಿಡಲು ಹೇಳುವುದುಂಟು. ಬರೆಯಬೇಕಾದ ಪುಟಕ್ಕೆ ಆ ಚೀಟಿಯನ್ನು ಸಿಕ್ಕಿಸಿಟ್ಟರೆ ಕೆಲಸ ಬೇಗ ಸಾಗುತ್ತದೆ. ನಮ್ಮ ಹೆಸರುಗಳ ಕಾಗುಣಿತವು ಅಲ್ಲಿಯವರಿಗೆ ಒಡ್ಡುವ ಪರೀಕ್ಷೆಯನ್ನು ನೆನೆದರೆ ಚೀಟಿಯ ಉಪಕಾರ ಅರ್ಥವಾಗುತ್ತದೆ. ಹೊಸ ಪುಸ್ತಕದೊಡನೆ ಮನೆಯಿಂದ ತಂದ ಹಳೆಯವು ಒಂದೋ ಎರಡೋ ಎಂಬ ಮಿತಿಯನ್ನೂ ಸಾಮಾನ್ಯವಾಗಿ ಹಾಕಿರುತ್ತಾರೆ. ಲೇಖಕರ ಎದುರು ಸಿಗುವುದು ಅರ್ಧ ನಿಮಿಷ.

ಪ್ರಾಚೆಟ್ ಅವರು ಈ ಕಾರ್ಯದಲ್ಲಿ ದಣಿವರಿಯದವರೆಂದು ಪ್ರಸಿದ್ಧರು. ಗಂಟೆಗಟ್ಟಲೆ ಕುಳಿತು, ಸಾಲಿನ ಕೊನೆಯವರ ತನಕ ಸಹಿ ಹಾಕುತ್ತಿದ್ದರು. ಅವರ ಪುಸ್ತಕಗಳಲ್ಲಿ ಸಹಿ ಇಲ್ಲದ ಪ್ರತಿಯೇ ಅಪೂರ್ವ ವಸ್ತುವೆಂದು ಪುಸ್ತಕ ವ್ಯಾಪಾರಿಗಳು ನಗೆಯಾಡುತ್ತಿದ್ದರು.

ಸಹಿಯಲ್ಲಿಯೂ ಭೇದಗಳುಂಟು. ಬರಿಯ ಸಹಿ ಒಂದು ಬಗೆ. ಇಂಥವರಿಗೆ ಎಂದು ಹೆಸರು ಬರೆದು ಹಾಕಿದ ಸಹಿ ಇನ್ನೊಂದು. ಮರುಮಾರಾಟದ ಪೇಟೆಯಲ್ಲಿ ಸಾಮಾನ್ಯವಾಗಿ ಮೊದಲನೆಯದಕ್ಕೇ ಬೆಲೆ ಹೆಚ್ಚು, ಏಕೆಂದರೆ ಯಾರೋ ಅಪರಿಚಿತರ ಹೆಸರಿರುವ ಪುಸ್ತಕವನ್ನು ಕೊಳ್ಳುವವರು ಕಡಿಮೆ. ಆದರೆ ಆ ಹೆಸರಿನವರು ಲೇಖಕರ ಜೀವನಕ್ಕೆ ಸಂಬಂಧಪಟ್ಟವರಾದರೆ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಜೆ. ಆರ್. ಆರ್. ಟೋಲ್ಕಿನ್ ಅವರ ‘ದಿ ಹಾಬಿಟ್’ 1937ರ ಸೆಪ್ಟೆಂಬರ್ 21ರಂದು 1,500 ಪ್ರತಿಗಳಲ್ಲಿ ಪ್ರಕಟವಾಗಿ ಡಿಸೆಂಬರಿನೊಳಗೆ ಮುಗಿದುಹೋಯಿತು. ಅವುಗಳಲ್ಲೊಂದನ್ನು ಅವರು ಲೀಡ್ಸ್ ವಿಶ್ವವಿದ್ಯಾನಿಲಯದ ತಮ್ಮ ಹಳೆಯ ಶಿಷ್ಯೆಗೆ ಹಸ್ತಾಕ್ಷರದೊಡನೆ ಕೊಟ್ಟಿದ್ದರು. 2015ರಲ್ಲಿ ಲಂಡನ್ನಿನ ಹರಾಜಿನಲ್ಲಿ ಆ ಪ್ರತಿಗೆ ಬಂದ ಬೆಲೆ 1,37,000 ಪೌಂಡ್. ತಮ್ಮ ಮಗನೋ ಮಗಳೋ ತಮ್ಮ ಹೆಸರನ್ನು ಬರೆಸಿಕೊಂಡು ಬಂದರೆ ಬೆಲೆ ಇಳಿಯಿತೆಂದು ಕೊರಗಬೇಕಾಗಿಲ್ಲ. ಮಾರಲಿಕ್ಕೆಂದು ಸಾಲಿನಲ್ಲಿ ನಿಂತವರ ಸಂತೋಷವೇ ಬೇರೆ, ಅದು ಈ ಲೇಖನದ ವಿಷಯವಲ್ಲ.

ಇನ್ನು ವಿಶೇಷ ಪ್ರತಿಗಳ ಮಾತು. ಸಂಗ್ರಾಹಕರು ಮೊದಲ ಆವೃತ್ತಿಯ ಮೊದಲ ಮುದ್ರಣವನ್ನು ಹುಡುಕುತ್ತಾರೆ. ಇಂಗ್ಲಿಷ್ ಪುಸ್ತಕಗಳಲ್ಲಿ ಹಕ್ಕುಗಳನ್ನು ನಮೂದಿಸಿದ ಪುಟದ ಕೆಳಗೆ ಒಂದರಿಂದ ಹತ್ತರ ತನಕ ಅಂಕಿಗಳ ಸಾಲೊಂದು ಇರುತ್ತದೆ. ಮರುಮುದ್ರಣವಾದಂತೆಲ್ಲ ಚಿಕ್ಕ ಅಂಕಿಯನ್ನು ತೆಗೆಯುತ್ತ ಹೋಗುತ್ತಾರೆ; ಆದಕಾರಣ ಸಾಲಿನಲ್ಲಿ ಒಂದು ಎಂಬ ಅಂಕಿಯಿದ್ದರೆ ಅದು ಸಾಮಾನ್ಯವಾಗಿ ಮೊದಲ ಮುದ್ರಣ. ಹಳೆಯ ಪುಸ್ತಕ ಕೊಳ್ಳುವವರು ಬೆಲೆಯನ್ನು ಕೇಳುವ ಮುನ್ನ ಈ ಪುಟವನ್ನು ತೆರೆದು ನೋಡಬೇಕು. ಮೊದಲ ಮುದ್ರಣಕ್ಕೆ ಬೆಲೆ ಬರುವುದು ಅದು ಅಲ್ಪಸಂಖ್ಯೆಯದಾಗಿದ್ದು ಮುಂದೆ ಲೇಖಕರು ಹೆಸರಾದಾಗ ಮಾತ್ರ. ಪ್ರಾಚೆಟ್ ಅವರ ಡಿಸ್ಕ್‌ವರ್ಲ್ಡ್ ಮಾಲೆಯ ಮೊದಲ ಕಾದಂಬರಿಯ ಬ್ರಿಟಿಷ್ ಪ್ರತಿಗಳು ಕೇವಲ 506. ಹ್ಯಾರಿ ಪಾಟರ್ ಮಾಲೆಯ ಮೊದಲ ಪುಸ್ತಕದ ಗಟ್ಟಿ ರಟ್ಟಿನ ಪ್ರತಿಗಳು 1997ರಲ್ಲಿ 500 ಮಾತ್ರ. ಅವುಗಳಲ್ಲಿ ಬಹುಪಾಲು ಗ್ರಂಥಾಲಯಗಳಿಗೆ ಹೋಗಿ ಮಕ್ಕಳ ಕೈಯಲ್ಲಿ ಹರಿದುಹೋದವು. ಓದಿಸಿಕೊಂಡು ಹರಿದದ್ದರಿಂದಲೇ ಉಳಿದವಕ್ಕೆ ಬೆಲೆ ಬಂದಿತು. ಹೊರಗಿನ ಕಾಗದದ ಹೊದಿಕೆಯನ್ನು ನಮ್ಮವರು ಅನೇಕರು ಕಿತ್ತೆಸೆದು ಕಂದು ಕಾಗದ ಹಾಕುವ ಅಭ್ಯಾಸದವರು. ಸಂಗ್ರಾಹಕರಿಗೆ ಆ ಹೊದಿಕೆಯಿಲ್ಲದ ಪ್ರತಿಯೆಂದರೆ ತಲೆಯಿಲ್ಲದ ವಿಗ್ರಹ.

ಹುಟ್ಟುವಾಗಲೇ ವಿಶೇಷವಾಗಿ ಹುಟ್ಟಿದ ಪ್ರತಿಗಳೂ ಇವೆ: ಇಷ್ಟೇ ಎಂದು ನಿಗದಿಪಡಿಸಿ, ಕ್ರಮಸಂಖ್ಯೆ ಹಾಕಿ, ಒಳ್ಳೆಯ ಕಾಗದದಲ್ಲಿ ಚಿತ್ರಗಳೊಡನೆ ಅಚ್ಚು ಹಾಕಿದವು. ಅಮೆರಿಕದ ಬ್ರ್ಯಾಂಡನ್ ಸ್ಯಾಂಡರ್ಸನ್ ಅವರು 2022ರ ಮಾರ್ಚಿಯಲ್ಲಿ ನಾಲ್ಕು ಕಾದಂಬರಿಗಳನ್ನು ತಾವೇ ಪ್ರಕಟಿಸುವುದಾಗಿ ಕಿಕ್‌ಸ್ಟಾರ್ಟರ್ ಮೂಲಕ ಮುಂಗಡ ಕೇಳಿದಾಗ 1,85,000ಕ್ಕೂ ಹೆಚ್ಚು ಓದುಗರಿಂದ 4 ಕೋಟಿ 17 ಲಕ್ಷ ಡಾಲರುಗಳು ಹರಿದುಬಂದವು. ನಮ್ಮ ಸಂಘದ ಕಟ್ಟಡ ನಿಧಿಯ ಕಾರ್ಯದರ್ಶಿಗಳು ಈ ವಾಕ್ಯವನ್ನು ಓದಿ ನಿಟ್ಟುಸಿರು ಬಿಡದಿರಲಿ.

ಸಾವಿರಾರು ಪ್ರತಿಗಳಿಗೆ ಸಹಿ ಬೇಕಾದಾಗ ಬಿಡಿ ಹಾಳೆಗಳನ್ನು ಲೇಖಕರ ಮನೆಗೇ ಕಳುಹಿಸಿ, ಸಹಿಯಾದ ಮೇಲೆ ಪುಸ್ತಕದೊಳಗೆ ಸೇರಿಸಿ ಹೊಲಿಯುವುದೋ ಅಂಟಿಸುವುದೋ ಉಂಟು. ಅದು ಅಸಲಿಯೇ. ಆದರೆ ಲೇಖನಿಯನ್ನು ಹಿಡಿದು ಸಹಿಯನ್ನು ಅನುಕರಿಸುವ ಆಟೋಪೆನ್ ಎಂಬ ಯಂತ್ರವೂ ಇದೆ. ಫ್ಯಾಂಟಸಿಯಲ್ಲದಿದ್ದರೂ ಒಂದು ದೃಷ್ಟಾಂತ ಹೇಳಬಹುದು: ಗಾಯಕ ಬಾಬ್ ಡಿಲನ್ ಅವರ ಗ್ರಂಥದ 900 ಪ್ರತಿಗಳನ್ನು 2022ರಲ್ಲಿ ಸ್ವಹಸ್ತದ ಸಹಿಯೆಂದು ತಲಾ 599 ಡಾಲರಿಗೆ ಮಾರಲಾಯಿತು. ಕೊಂಡವರು ತಮ್ಮ ತಮ್ಮ ಪ್ರತಿಗಳ ಸಹಿಗಳನ್ನು ಹೋಲಿಸಿ ನೋಡಿದಾಗ ಯಂತ್ರದ ಕೆಲಸ ಬಯಲಾಯಿತು. ಪ್ರಕಾಶಕರು ಹಣವನ್ನು ಹಿಂದಿರುಗಿಸಿದರು. 2019ರಿಂದ ತಲೆಸುತ್ತುವ ಬಾಧೆಯಿತ್ತೆಂದು ಡಿಲನ್ ತಿಳಿಸಿ ವಿಷಾದಿಸಿದರು. ಮನುಷ್ಯನ ಕೈ ಒಂದೇ ಸಹಿಯನ್ನು ಎರಡು ಬಾರಿ ತದ್ವತ್ತಾಗಿ ಹಾಕಲಾರದು. ಎರಡು ಸಹಿಗಳು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಒಂದರ ಮೇಲೊಂದು ಕೂರುವುದಾದರೆ ಸಂಶಯಪಡಬೇಕು.

ಕೈ ಎಂದೊಡನೆ ಪ್ರಾಚೆಟ್ ಅವರ ಕಥೆಗೆ ಮರಳಬೇಕಾಗುತ್ತದೆ. ಐವತ್ತೊಂಬತ್ತನೆಯ ವಯಸ್ಸಿನ ಹೊತ್ತಿಗೆ ಅವರಿಗೆ ಬೆರಳಚ್ಚಿನಲ್ಲಿ ತಪ್ಪುಗಳು ಹೆಚ್ಚತೊಡಗಿದವು, ಅಕ್ಷರಗಳು ಕೈತಪ್ಪುತ್ತಿದ್ದವು. ಮಾತು ಚುರುಕಾಗಿಯೇ ಇತ್ತು. ಮೊದಲು ವೈದ್ಯರು, ಹಿಂದೆಂದೋ ಲಘುವಾದ ಪಾರ್ಶ್ವವಾಯು ಆಗಿರಬೇಕೆಂದರು. 2007ರ ಡಿಸೆಂಬರಿನಲ್ಲಿ, ತಮಗಿರುವುದು ಆಲ್ಜೈಮರ್ ಕಾಯಿಲೆಯ ಅಪರೂಪದ ಒಂದು ರೂಪವೆಂದು ಅವರೇ ಬಹಿರಂಗವಾಗಿ ತಿಳಿಸಿದರು. ಇದರ ಹೆಸರು ಪೋಸ್ಟೀರಿಯರ್ ಕಾರ್ಟಿಕಲ್ ಅಟ್ರೊಫಿ, ಎಂದರೆ ಮೆದುಳಿನ ಹಿಂಭಾಗದ ಹೊರಪದರವು ಕ್ಷಯಿಸುವುದು. 1988ರಲ್ಲಿ ಫ್ರ್ಯಾಂಕ್ ಬೆನ್ಸನ್ ಎಂಬ ನರರೋಗ ತಜ್ಞರು ಇದನ್ನು ಪ್ರತ್ಯೇಕವಾಗಿ ವರ್ಣಿಸಿದರು.

ಆಲ್ಜೈಮರ್ ಎಂದರೆ ಮರೆವು ಎಂದಷ್ಟೇ ನಾವು ತಿಳಿದಿರುತ್ತೇವೆ. ಈ ರೂಪದಲ್ಲಿ ಆರಂಭಕ್ಕೆ ನೆನಪು ಚೆನ್ನಾಗಿಯೇ ಇರುತ್ತದೆ, ಕೆಡುವುದು ನೋಟ. ನೋಟವೆಂದರೆ ಕಣ್ಣಲ್ಲ. ಕಣ್ಣು ಚಿತ್ರವನ್ನು ಸರಿಯಾಗಿಯೇ ಕಳುಹಿಸುತ್ತದೆ. ಅದನ್ನು ಅರ್ಥಮಾಡಿಕೊಳ್ಳಬೇಕಾದ ಮೆದುಳಿನ ಭಾಗ ಸೊರಗಿರುತ್ತದೆ. ರೋಗಿಯು ಓದುವಾಗ ಸಾಲು ತಪ್ಪುತ್ತಾನೆ. ಮೇಜಿನ ಮೇಲೆ ಎದುರಿಗೇ ಇರುವ ಲೋಟ ಕಾಣಿಸದೆ ಹುಡುಕುತ್ತಾನೆ, ಹಿಡಿಯಹೋದರೆ ಕೈ ಪಕ್ಕಕ್ಕೆ ಹೋಗುತ್ತದೆ. ಅಂಗಿಯ ತೋಳು ಯಾವುದೆಂದು ತಡಕಾಡುತ್ತಾನೆ. ಮೆಟ್ಟಿಲಿನ ಆಳ, ಬರುತ್ತಿರುವ ಬಸ್ಸಿನ ದೂರ, ಲೋಕಲ್ ರೈಲಿಗೂ ಪ್ಲಾಟ್‌ಫಾರಮ್ಮಿಗೂ ನಡುವಣ ಅಂತರ, ಇವು ಅಂದಾಜಿಗೆ ಸಿಗುವುದಿಲ್ಲ. ನಮ್ಮಂಥ ನಗರವಾಸಿಗಳಿಗೆ ಇದು ಪ್ರಾಣಾಪಾಯದ ಸಂಗತಿ. ಸಾಮಾನ್ಯವಾಗಿ 50ರಿಂದ 65ರ ವಯಸ್ಸಿನಲ್ಲಿ, ಇನ್ನೂ ದುಡಿಯುತ್ತಿರುವವರಲ್ಲಿ, ಇದು ತಲೆದೋರುತ್ತದೆ. ಮರೆವಿಲ್ಲದ ಕಾರಣ ಯಾರೂ ಮೆದುಳನ್ನು ಸಂಶಯಿಸುವುದಿಲ್ಲ. ಕನ್ನಡಕದವರಲ್ಲಿಗೆ ಹೋಗುತ್ತಾರೆ, ಕನ್ನಡಕ ಬದಲಾಗುತ್ತದೆ, ಮತ್ತೆ ಬದಲಾಗುತ್ತದೆ, ಕಷ್ಟ ಮಾತ್ರ ಹಾಗೆಯೇ ಇರುತ್ತದೆ. ಕಣ್ಣಿನ ವೈದ್ಯರು ದೋಷವಿಲ್ಲವೆಂದು ಹೇಳಿದ ಮೇಲೂ ಇಂಥ ಲಕ್ಷಣಗಳು ಮುಂದುವರಿದರೆ, ವಯಸ್ಸಾಯಿತೆಂದು ಸುಮ್ಮನಾಗದೆ ನರರೋಗ ತಜ್ಞರನ್ನು ಕಾಣಬೇಕು. ಇಂಥ ಕಾಯಿಲೆಗಳವರ ಕುಟುಂಬಗಳಿಗೆ ನೆರವಾಗಲು 1992ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ಸಂಸ್ಥೆ ಎ.ಆರ್.ಡಿ.ಎಸ್.ಐ.ಗೆ ಹಲವು ನಗರಗಳಲ್ಲಿ ಶಾಖೆಗಳಿವೆ; ಬೆಂಗಳೂರಿನ ನಿಮ್ಹಾನ್ಸ್ ನಮಗೆಲ್ಲ ತಿಳಿದದ್ದೇ.

ಪ್ರಾಚೆಟ್ ಅವರು 2008ರಲ್ಲಿ ಈ ಕಾಯಿಲೆಯ ಸಂಶೋಧನೆಗೆ 10 ಲಕ್ಷ ಡಾಲರುಗಳನ್ನು ಘೋಷಿಸಿದರು. ಕಾಯಿಲೆಯನ್ನು ನಿಲ್ಲಿಸಲಾರದಿದ್ದರೂ ಲಕ್ಷಣಗಳನ್ನು ಕೆಲವು ಕಾಲ ಹಗುರಗೊಳಿಸಬಲ್ಲ ಡೊನೆಪೆಜಿಲ್ ಔಷಧವನ್ನು, ಸರಕಾರಿ ನಿಯಮವು ಆರಂಭದ ಹಂತದವರಿಗೆ ಅನುಮತಿಸದಿದ್ದ ಕಾರಣ, ಸ್ವಂತ ಹಣದಿಂದ ಕೊಂಡರು. ಬೆರಳಚ್ಚು ಅಸಾಧ್ಯವಾದ ಮೇಲೆ ಸಹಾಯಕರಿಗೂ, ಮಾತನ್ನು ಬರಹವಾಗಿಸುವ ಗಣಕಯಂತ್ರಕ್ಕೂ ಹೇಳಿ ಬರೆಸುತ್ತ ಕಾದಂಬರಿಗಳನ್ನು ಮುಂದುವರಿಸಿದರು. 2014ರಲ್ಲಿ ಅಭಿಮಾನಿಗಳ ಸಮ್ಮೇಳನಕ್ಕೆ ಬರಲಾಗದೆಂದು ತಿಳಿಸಬೇಕಾಯಿತು. 2015ರ ಮಾರ್ಚ್ 12ರಂದು, 66ರ ವಯಸ್ಸಿನಲ್ಲಿ, ತೀರಿಕೊಂಡರು. ಅಪೂರ್ಣ ಬರಹಗಳಿದ್ದ ಗಣಕಯಂತ್ರದ ಹಾರ್ಡ್ ಡಿಸ್ಕನ್ನು ಅವರ ಇಚ್ಛೆಯಂತೆ 2017ರಲ್ಲಿ ಉಗಿಯಂತ್ರದ ರೋಲರಿನಡಿ ಅರೆಯಲಾಯಿತು. ಅವರು ಹಾಕಿದ ಸಹಿಗಳಷ್ಟೇ ಈಗ ಉಳಿದಿರುವುದು.

ಸಂಗ್ರಹಿಸಿದ್ದನ್ನು ಕಾಪಾಡುವ ಬಗೆಗೆ ನಾಲ್ಕು ಮಾತು ಹೇಳದಿದ್ದರೆ ತಪ್ಪಾದೀತು, ಏಕೆಂದರೆ ಮುಂಬಯಿ, ಚೆನ್ನೈಗಳ ಗಾಳಿ ಪುಸ್ತಕಕ್ಕೆ ಮಿತ್ರನಲ್ಲ. ಗಾಳಿಯ ಆರ್ದ್ರತೆ ನೂರಕ್ಕೆ 65ರಿಂದ 70ನ್ನು ಮೀರಿ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ. ಬೂಷ್ಟಿನ ಧೂಳು ಉಬ್ಬಸದವರಿಗೆ ವಿಷಸಮಾನ; ಅಂಥ ಪುಸ್ತಕವನ್ನು ಮೂಗುಬಾಯಿ ಕಟ್ಟಿಕೊಂಡು ಮನೆಯ ಹೊರಗೆ ಒರೆಸಬೇಕು. ಕಪಾಟನ್ನು ಹೊರಗೋಡೆಗೆ ತಾಗಿಸದೆ ನಾಲ್ಕು ಬೆರಳು ಬಿಟ್ಟಿಡುವುದು, ಮಳೆಯಿಲ್ಲದ ದಿನ ಬಾಗಿಲು ತೆರೆದಿಡುವುದು, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟದಿರುವುದು, ಇಷ್ಟರಿಂದಲೇ ಬಹಳ ಪ್ರಯೋಜನ. ಹುಳುವಿಗೆಂದು ನುಸಿಗುಳಿಗೆ ಸುರಿಯುವ ಪದ್ಧತಿ ನಮ್ಮಲ್ಲಿ ವ್ಯಾಪಕ. ಜಿ-6-ಪಿ-ಡಿ ಎಂಬ ಕಿಣ್ವದ ಕೊರತೆಯೊಡನೆ ಹುಟ್ಟಿದ ಶಿಶುಗಳಿಗೆ ಅದರ ನ್ಯಾಫ್ತಲೀನ್ ತಾಗಿದರೆ ರಕ್ತಕಣಗಳು ಒಡೆದು ತೀವ್ರ ಕಾಮಾಲೆ ಬರಬಹುದು. ಕೂಸಿರುವ ಮನೆಯಲ್ಲಿ ಅದು ಬೇಡವೇ ಬೇಡ. ಹತ್ತೊಂಬತ್ತನೆಯ ಶತಮಾನದ, ಉಜ್ವಲ ಹಸಿರು ಬಟ್ಟೆಯ ರಟ್ಟಿನ ಇಂಗ್ಲಿಷ್ ಪುಸ್ತಕ ಕೈಗೆ ಬಂದರೆ ಎಚ್ಚರಿಕೆ ಅಗತ್ಯ. ಅವುಗಳಲ್ಲಿ ಕೆಲವಕ್ಕೆ ಪಾಷಾಣಯುಕ್ತ ಬಣ್ಣ ಹಾಕಿರುವುದನ್ನು ಅಮೆರಿಕದ ವಿಂಟರ್‌ಥರ್ ವಸ್ತುಸಂಗ್ರಹಾಲಯದವರು 2019ರಿಂದ ಪತ್ತೆಹಚ್ಚುತ್ತಿದ್ದಾರೆ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುವುವ ನಮ್ಮ ಹಳೆಯ ಅಭ್ಯಾಸಕ್ಕೆ ಇಲ್ಲಿಯಾದರೂ ವಿರಾಮ ಹೇಳಬೇಕು.

ಸಂಗ್ರಹಕ್ಕೆ ಶ್ರೀಮಂತಿಕೆ ಕಡ್ಡಾಯವಲ್ಲ. ಟಿ. ಎನ್. ಶಾನಭಾಗರು 1948ರಲ್ಲಿ ತೆರೆದ ಮುಂಬಯಿಯ ಸ್ಟ್ರ್ಯಾಂಡ್ ಬುಕ್ ಸ್ಟಾಲ್ 2018ರಲ್ಲಿ ಮುಚ್ಚಿತು. ಚೆನ್ನೈಯ ಮೂರ್ ಮಾರ್ಕೆಟ್ 1985ರಲ್ಲಿಯೇ ಬೆಂಕಿಗೆ ಆಹುತಿಯಾಯಿತು. ದೆಹಲಿಯ ದರ್ಯಾಗಂಜಿನ ಕಾಲುದಾರಿಯ ಭಾನುವಾರದ ಪುಸ್ತಕಸಂತೆಯು 2019ರಲ್ಲಿ ಮಹಿಳಾ ಹಾಟ್‌ಗೆ ಸ್ಥಳಾಂತರಗೊಂಡಿತು. ಆದರೂ ಹಳೆಯ ಪುಸ್ತಕಗಳ ರಾಶಿಯನ್ನು ತಾಳ್ಮೆಯಿಂದ ಕೆದಕುವವರಿಗೆ, ಮಾರುವವನೇ ಗಮನಿಸದ ಒಂದು ಸಹಿ ಇಂದಿಗೂ ಸಿಗುವುದುಂಟು. ಸಿಕ್ಕ ಪ್ರತಿಯ ಹಿಂಬದಿಯ ರಟ್ಟಿನ ಒಳಗೆ, ಎಲ್ಲಿ, ಯಾವ ದಿನ, ಎಷ್ಟಕ್ಕೆ ಕೊಂಡದ್ದೆಂದು ಮೆದುವಾದ ಸೀಸದ ಕಡ್ಡಿಯಿಂದ ಸಣ್ಣದಾಗಿ ಬರೆದಿಡಬೇಕು, ಶಾಯಿಯಿಂದಲ್ಲ. ಸಹಿಯ ಸಮಾರಂಭದ ಚೀಟಿಯಿದ್ದರೆ ಅದನ್ನು ಒಂದು ಲಕೋಟೆಯಲ್ಲಿ ಹಾಕಿ ಪುಸ್ತಕದ ಪಕ್ಕದಲ್ಲಿಟ್ಟರೆ ಸಾಕು. ಪುಟಗಳ ನಡುವೆ ಇಟ್ಟರೆ ಅಗ್ಗದ ಕಾಗದದ ಹಳದಿ ಕಲೆ ಎದುರಿನ ಪುಟಕ್ಕೆ ಇಳಿಯುತ್ತದೆ.