ಮೊದಲ ಪುಟದ ಯುದ್ಧ, ಒಳಪುಟದ ಅನುಮಾನ: ಇರಾಕ್ ಮತ್ತು ಸುದ್ದಿಮಾಧ್ಯಮ

2003ರ ಮಾರ್ಚ್ 20ರಂದು ಅಮೆರಿಕ ಮತ್ತು ಬ್ರಿಟನ್ನಿನ ಸೇನೆಗಳು ಇರಾಕಿನ ಮೇಲೆ ದಂಡೆತ್ತಿ ಹೋದಾಗ ಮುಂದಿಟ್ಟ ಮುಖ್ಯ ಕಾರಣ, ಸದ್ದಾಂ ಹುಸೇನ್ ಸರ್ಕಾರದ ಬಳಿ ಸಮೂಹನಾಶಕ ಅಸ್ತ್ರಗಳಿವೆ, ಅಂದರೆ ಒಂದೇ ಏಟಿಗೆ ಸಾವಿರಾರು ಜನರನ್ನು ಕೊಲ್ಲಬಲ್ಲ ರಾಸಾಯನಿಕ, ಜೈವಿಕ ಅಸ್ತ್ರಗಳಿವೆ, ಅಣುಬಾಂಬಿನ ತಯಾರಿಯೂ ನಡೆದಿದೆ ಎಂಬುದಾಗಿತ್ತು. ಅಂಥ ಯಾವ ದಾಸ್ತಾನೂ ಅಲ್ಲಿರಲಿಲ್ಲವೆಂದು ಅಮೆರಿಕವೇ ಕಳುಹಿಸಿದ ಇರಾಕ್ ಸರ್ವೇ ಗ್ರೂಪ್ ಎಂಬ ಶೋಧತಂಡ 2004ರಲ್ಲಿ ವರದಿ ಕೊಟ್ಟಿತು. ಯುದ್ಧ ಬಯಸುವ ಸರ್ಕಾರ ಅಪಾಯವನ್ನು ಹಿಗ್ಗಿಸಿ ಹೇಳುವುದು ಇತಿಹಾಸದಲ್ಲಿ ಹೊಸತಲ್ಲ. ಆದರೆ ಕಾನೂನಿನ ರಕ್ಷಣೆ, ಹಣ, ಅನುಭವಿ ವರದಿಗಾರರು ಎಲ್ಲವೂ ಇದ್ದ ಪತ್ರಿಕೆಗಳು ಆ ಮಾತನ್ನು ಒರೆಗೆ ಹಚ್ಚದೆ ಹೊತ್ತು ತಿರುಗಿದ್ದು ಹೇಗೆ ಎಂಬುದನ್ನು ಬಿಡಿಸಿ ನೋಡಬೇಕಾಗಿದೆ.

ಇದಕ್ಕೆ ಅಲ್ಯುಮಿನಿಯಂ ಕೊಳವೆಗಳ ಪ್ರಕರಣಕ್ಕಿಂತ ಸ್ಪಷ್ಟವಾದ ನಿದರ್ಶನ ಇನ್ನೊಂದಿಲ್ಲ. ಇರಾಕ್ ಕೊಳ್ಳಲು ಯತ್ನಿಸಿದ ವಿಶೇಷ ಕೊಳವೆಗಳು ಸೆಂಟ್ರಿಫ್ಯೂಜ್‌ಗಾಗಿ, ಎಂದರೆ ಅತಿವೇಗದಲ್ಲಿ ತಿರುಗುತ್ತ ಯುರೇನಿಯಂ ಅನ್ನು ಬಾಂಬಿಗೆ ತಕ್ಕಂತೆ ಸಂವರ್ಧಿಸುವ ಯಂತ್ರಕ್ಕಾಗಿ, ಎಂದು ಹೆಸರು ಹೇಳದ ಅಧಿಕಾರಿಗಳ ಮಾತನ್ನು ಆಧರಿಸಿ ‘ನ್ಯೂಯಾರ್ಕ್ ಟೈಮ್ಸ್’ 2002ರ ಸೆಪ್ಟೆಂಬರ್ 8ರ ಭಾನುವಾರ ಮೊದಲ ಪುಟದಲ್ಲಿ ಪ್ರಕಟಿಸಿತು. ಅದೇ ದಿನ ಟಿವಿ ಸಂದರ್ಶನಕ್ಕೆ ಕುಳಿತ ಉಪಾಧ್ಯಕ್ಷ ಡಿಕ್ ಚೇನಿ ಆ ಪತ್ರಿಕೆಯ ಹೆಸರೆತ್ತಿ ಅದೇ ಕೊಳವೆಗಳ ಸಂಗತಿಯನ್ನು ಹೇಳಿದರು. ಸರ್ಕಾರದ ಒಳಗಿನವರು ಪಿಸುಗುಟ್ಟಿದ್ದು ಪತ್ರಿಕೆಯಲ್ಲಿ ಸುದ್ದಿಯಾಗಿ, ಆ ಸುದ್ದಿಯೇ ಸರ್ಕಾರದ ವಾದಕ್ಕೆ ಸ್ವತಂತ್ರ ಸಾಕ್ಷಿಯಂತೆ ಮರಳಿ ಬಂದಿತು. ಮೂಲ ಒಂದೇ ಆಗಿದ್ದರೂ ಓದುಗರಿಗೆ ಎರಡು ಬಾಯಿಗಳು ಕೇಳಿಸಿದವು.

ಕೊಳವೆಗಳ ಅಳತೆ ಇರಾಕಿನ ಸಾಮಾನ್ಯ ರಾಕೆಟ್ಟುಗಳಿಗೆ ಹೊಂದುತ್ತದೆಯೇ ಹೊರತು ಸೆಂಟ್ರಿಫ್ಯೂಜ್‌ಗೆ ಅಲ್ಲವೆಂದು ಅಮೆರಿಕದ ಇಂಧನ ಇಲಾಖೆಯ ತಜ್ಞರು ಆ ಹೊತ್ತಿಗಾಗಲೇ ವಾದಿಸಿದ್ದರು. ಐದು ದಿನಗಳ ಬಳಿಕ ಈ ಭಿನ್ನಮತ ಅದೇ ಪತ್ರಿಕೆಯಲ್ಲಿ ಬಂದಿತಾದರೂ ಹದಿಮೂರನೆಯ ಪುಟದ ಲೇಖನವೊಂದರ ಒಡಲಿನಲ್ಲಿ ಹುದುಗಿಹೋಗಿತ್ತು. ‘ವಾಷಿಂಗ್ಟನ್ ಪೋಸ್ಟ್’ ಕೂಡ ಅದೇ ಹಾದಿ ಹಿಡಿಯಿತು. ಅಸ್ತ್ರಗಳ ಬಗ್ಗೆ ನಿಖರ ಪುರಾವೆಯಿಲ್ಲವೆಂದು ವಾಲ್ಟರ್ ಪಿಂಕಸ್ ಬರೆದ ವರದಿ ಯುದ್ಧಕ್ಕೆ ನಾಲ್ಕೇ ದಿನ ಮುಂಚೆ, ಹದಿನೇಳನೆಯ ಪುಟದಲ್ಲಿ ಅಚ್ಚಾಯಿತು. ಸತ್ಯ ಸಿಗದೆ ಹೋದದ್ದಲ್ಲ, ಸಿಕ್ಕ ಸತ್ಯಕ್ಕೆ ಸಂಪಾದಕರು ಒಳಪುಟದ ಜಾಗ ಕೊಟ್ಟದ್ದೇ ಈ ಪ್ರಕರಣದ ಅತ್ಯಂತ ನೋವಿನ ಸಂಗತಿ.

ಬೇರೆ ರೀತಿ ಬರೆಯಲು ಸಾಧ್ಯವಿರಲಿಲ್ಲವೆಂಬ ಸಮರ್ಥನೆಯೂ ನಿಲ್ಲುವುದಿಲ್ಲ. ನೈಟ್ ರಿಡ್ಡರ್ ಪತ್ರಿಕಾ ಸಮೂಹದ ಜೊನಾಥನ್ ಲ್ಯಾಂಡೇ ಮತ್ತು ವಾರೆನ್ ಸ್ಟ್ರೋಬೆಲ್, ಮಂತ್ರಿಗಳ ಹಂತವನ್ನು ಬಿಟ್ಟು ಗುಪ್ತಚರ ಹಾಗೂ ಸೇನಾ ವಿಭಾಗಗಳ ಕೆಳಹಂತದ ಅಧಿಕಾರಿಗಳನ್ನು ಮಾತನಾಡಿಸಿ, ಸರ್ಕಾರದ ಒಳಗೇ ಇದ್ದ ಅನುಮಾನಗಳನ್ನು ಯುದ್ಧಕ್ಕೆ ತಿಂಗಳುಗಳ ಮುಂಚೆಯೇ ಬಯಲಿಗಿಟ್ಟರು. ಆದರೆ ಆ ಸಮೂಹಕ್ಕೆ ವಾಷಿಂಗ್ಟನ್ನಿನಲ್ಲಾಗಲಿ ನ್ಯೂಯಾರ್ಕಿನಲ್ಲಾಗಲಿ ಸ್ವಂತ ಪತ್ರಿಕೆ ಇರಲಿಲ್ಲವಾದ್ದರಿಂದ, ನಿರ್ಧಾರ ಕೈಗೊಳ್ಳುವವರ ಮೇಜಿನ ಮೇಲೆ ಆ ವರದಿಗಳು ಅಷ್ಟಾಗಿ ಬೀಳಲಿಲ್ಲ.

ಯುದ್ಧದ ವರದಿಗಾರಿಕೆಗೆಂದು ‘ಎಂಬೆಡಿಂಗ್’ ಪದ್ಧತಿ ಬಂದಿತು. ವರದಿಗಾರರು ಸೇನೆಯ ತುಕಡಿಯೊಂದರ ಜೊತೆಯಲ್ಲೇ ಉಂಡು, ಮಲಗಿ, ಪಯಣಿಸಿ ಸುದ್ದಿ ಕಳುಹಿಸುವ ಏರ್ಪಾಡಿದು. ರಣರಂಗದ ಹತ್ತಿರದ ನೋಟ ಸಿಕ್ಕಿತೆಂಬುದು ನಿಜ, ಆದರೆ ಟ್ಯಾಂಕಿನ ಒಳಗಿನಿಂದ ಕಾಣುವುದು ಗುಂಡು ಹಾರುವ ದಿಕ್ಕೇ ವಿನಾ ಅದು ಬಿದ್ದ ಮನೆಯಲ್ಲ. ಹೊರಗೆ ನಿಂತು ವರದಿ ಮಾಡಿದವರಿಗೆ ರಕ್ಷಣೆಯೂ ಇರಲಿಲ್ಲ. 2003ರ ಏಪ್ರಿಲ್ 8ರಂದು ಬಾಗ್ದಾದಿನ ಅಲ್ ಜಜೀರಾ ಕಚೇರಿಯ ಮೇಲೆ ನಡೆದ ಅಮೆರಿಕದ ವಾಯುದಾಳಿಯಲ್ಲಿ ವರದಿಗಾರ ತಾರೀಕ್ ಅಯ್ಯೂಬ್ ಸತ್ತರು, ಅದೇ ದಿನ ಪ್ಯಾಲೆಸ್ಟೈನ್ ಹೋಟೆಲಿಗೆ ಬಡಿದ ಟ್ಯಾಂಕ್ ಗುಂಡಿಗೆ ಇಬ್ಬರು ಕ್ಯಾಮೆರಾಮನ್‌ಗಳು ಬಲಿಯಾದರು.

ಆಕ್ರಮಿತ ಇರಾಕಿನಲ್ಲಿ ದಿನನಿತ್ಯದ ಬದುಕು ಏನಾಯಿತೆಂಬುದು ಇನ್ನೂ ಮಸುಕಾಗಿಯೇ ಉಳಿಯಿತು. ಅಪಹರಣದ ಭಯದಿಂದ ವಿದೇಶಿ ವರದಿಗಾರರು ಕಾವಲಿನ ಹೋಟೆಲುಗಳಿಗೆ ಸೀಮಿತರಾದಂತೆ ಸೇನೆಯ ಪ್ರಕಟಣೆಯೇ ಸುದ್ದಿಯಾಯಿತು. 2005ರ ನವೆಂಬರ್ 19ರಂದು ಹದೀಥಾ ಪಟ್ಟಣದಲ್ಲಿ ಮಹಿಳೆಯರು, ಮಕ್ಕಳೂ ಸೇರಿ 24 ಇರಾಕಿಗಳನ್ನು ಅಮೆರಿಕದ ಮರೀನ್ ದಳದ ಯೋಧರು ಕೊಂದರು. ಮರುದಿನದ ಪ್ರಕಟಣೆ, 15 ನಾಗರಿಕರು ರಸ್ತೆಬದಿಯ ಬಾಂಬಿಗೆ ಸತ್ತರೆಂದು ಹೇಳಿತು. ಸ್ಥಳೀಯರೊಬ್ಬರು ಚಿತ್ರೀಕರಿಸಿದ ವಿಡಿಯೊ ‘ಟೈಮ್’ ವಾರಪತ್ರಿಕೆಯ ಕೈಸೇರಿ, 2006ರ ಮಾರ್ಚ್‌ನಲ್ಲಿ ವರದಿ ಪ್ರಕಟವಾಗುವವರೆಗೆ ನಾಲ್ಕು ತಿಂಗಳು ಆ ಸುಳ್ಳೇ ಅಧಿಕೃತ ಸುದ್ದಿಯಾಗಿತ್ತು. ಇದೇ ಅವಧಿಯಲ್ಲಿ ಅಮೆರಿಕದ ಸೇನೆ ಲಿಂಕನ್ ಗ್ರೂಪ್ ಎಂಬ ಗುತ್ತಿಗೆ ಕಂಪನಿಯ ಮೂಲಕ ಹಣ ಕೊಟ್ಟು ಇರಾಕಿ ಪತ್ರಿಕೆಗಳಲ್ಲಿ ತನಗೆ ಅನುಕೂಲವಾದ ಲೇಖನಗಳನ್ನು ಹಾಕಿಸುತ್ತಿದ್ದುದೂ ಹೊರಬಿದ್ದಿತು.

‘ನ್ಯೂಯಾರ್ಕ್ ಟೈಮ್ಸ್’ 2004ರ ಮೇ 26ರಂದು, ತನ್ನ ವರದಿಗಳು ಇರಬೇಕಾದಷ್ಟು ಕಟ್ಟುನಿಟ್ಟಾಗಿರಲಿಲ್ಲವೆಂದು ಸಂಪಾದಕರ ಟಿಪ್ಪಣಿಯಲ್ಲಿ ಒಪ್ಪಿಕೊಂಡಿತು. ಅದು ಪ್ರಾಮಾಣಿಕ ನಡೆಯೇ, ಆದರೆ ತಪ್ಪು ಮೊದಲ ಪುಟದಲ್ಲಿ ನಡೆದಿದ್ದರೂ ಒಪ್ಪಿಗೆ ಒಳಪುಟದಲ್ಲಿ ಬಂದಿತು.

ಕನ್ನಡ ಪತ್ರಿಕೆಗಳ ವಿದೇಶ ಪುಟ ಬಹುತೇಕ ಸುದ್ದಿಸಂಸ್ಥೆಗಳ ಇಂಗ್ಲಿಷ್ ವರದಿಯನ್ನೇ ನೆಚ್ಚಿಕೊಂಡಿರುವುದರಿಂದ ಈ ವೈಫಲ್ಯ ದೂರದ್ದೆಂದು ಕೈತೊಳೆದುಕೊಳ್ಳುವಂತಿಲ್ಲ. ಯುದ್ಧದ ಸುದ್ದಿಯನ್ನು ಕನ್ನಡಕ್ಕೆ ತರುವಾಗ ‘ಎಂದು ಸೇನೆ ತಿಳಿಸಿದೆ’ ಎಂಬ ಮಾತನ್ನು ಜಾಗದ ಅಭಾವದಿಂದ ಕತ್ತರಿಸದಿರಲಿ, ಸತ್ತವರ ಕಡೆಯ ಮಾತು ವರದಿಯಲ್ಲಿ ಇಲ್ಲದಿದ್ದರೆ ಆ ಕೊರತೆಯನ್ನೂ ಓದುಗರಿಗೆ ತಿಳಿಸಲಿ.